ಒಂದು ತಟ್ಟೆ ಹೆಚ್ಚು

ನನ್ನ ತಮ್ಮ ಮೆಲಿತೊನ್ ಮೂವತ್ತೊಂದು ವರ್ಷದಿಂದ ಪೇತ್ರ, ಯೇಸುವಿನ ಹಿರಿಯ ಶಿಷ್ಯ. ಪ್ರತಿ ಶುಭ ಶುಕ್ರವಾರ ಸಂಜೆ ನಾಲ್ಕು ಗಂಟೆಗೆ, ಇಡೀ ಊರು ಕಣ್ಣು ಬಿಟ್ಟು ನೋಡುತ್ತಿರುವಾಗ, ಯೇಸುಸ್ವಾಮಿ ಯಾರೋ ತನಗೆ ಗೊತ್ತೇ ಇಲ್ಲವೆಂದು ಮೂರು ಸಲ ಹೇಳುತ್ತಾನೆ. ಕೋಳಿ ಕೂಗುತ್ತದೆ. ಇವನು ಅಳುತ್ತಾ ಹೊರಟುಹೋಗುತ್ತಾನೆ. ಆ ಮೂರು ಸುಳ್ಳನ್ನೂ ಪರದೆಯ ಹಿಂದಿನಿಂದ ಅವನ ಕಿವಿಗೆ ಹಾಕುವವಳು ನಾನು, ಅವನ ಅಕ್ಕ ಪೊತೆನ್ಸ್ಯಾ. ಹಾಗಾಗಿ ಈ ಕತೆ ಹೇಳುವ ಹಕ್ಕು ನನ್ನದು. ಬೇರೆ ಯಾರಾದರೂ ಹೇಳಿದರೆ ನಂಬಬೇಡಿ, ಅದರಲ್ಲೂ ಆಟದಲ್ಲಿ ಕೋಳಿ ಕೂಗಿಸುವ ಆ ಕುಲಾಸ್ ಹೇಳಿದರೆ.

ನಮ್ಮೂರು ತಗ್ಬಾಕ್‌ನ ಪಾಡಿನ ಆಟದಲ್ಲಿ, ಅಂದರೆ ಯೇಸುಸ್ವಾಮಿ ಶಿಲುಬೆಗೇರಿದ ಕತೆಯ ಆಟದಲ್ಲಿ, ಯಾರೂ ಮಾತನ್ನು ಬಾಯಿಪಾಠ ಮಾಡುವುದಿಲ್ಲ. ಬೆಸ್ತರು, ತೆಂಗಿನ ಮರ ಹತ್ತುವವರು, ಬಾಡಿಗೆ ಟ್ರೈಸಿಕಲ್ ಓಡಿಸುವವರು, ಯಾರಿಗೆ ಪುರಸೊತ್ತಿದೆ? ನಾನು ಹಳೆಯ ನೋಟ್‌ಬುಕ್ ಹಿಡಿದು ಒಂದೊಂದೇ ಸಾಲು ಪಿಸುಗುಡುತ್ತೇನೆ, ಅವರು ಅದನ್ನೇ ರಾಗ ಎಳೆದು ಜನಕ್ಕೆ ಹಾಡುತ್ತಾರೆ. ಕಿವಿಗೆ ಬಿದ್ದದ್ದು ಬಾಯಿಗೆ ಬರಬೇಕು, ನಡುವೆ ತಲೆ ಅಡ್ಡ ಬರಬಾರದು. ಇದು ಮೇಷ್ಟ್ರ ನಿಯಮ. ಈ ಅಭ್ಯಾಸ ಎಷ್ಟು ಬೇರೂರಿದೆಯೆಂದರೆ, ಒಂದು ವರ್ಷ ಸ್ವಾಮಿಗೆ ಶಿಕ್ಷೆ ವಿಧಿಸುವ ಪಿಲಾತನ ಪಾತ್ರದವನಿಗೆ ನಾನು ‘ಲೋ, ಕಿರೀಟ ಓರೆಯಾಗಿದೆ, ಸರಿ ಮಾಡ್ಕೊಳ್ಳೋ’ ಎಂದು ಗದರಿದೆ. ಅವನು ಕೈಯೆತ್ತಿ, ಗಂಭೀರವಾಗಿ, ಅದನ್ನೇ ಪ್ರಧಾನ ಯಾಜಕನಿಗೆ ಹಾಡಿದ. ಪಾಪ, ಯಾಜಕನು ತಲೆ ಮುಟ್ಟಿ ನೋಡಿಕೊಂಡ. ಆಮೇಲಿಂದ ಪರದೆಯ ಹಿಂದೆ ಬಾಯಿ ಬಿಗಿ ಹಿಡಿಯಬೇಕೆಂದು ಪ್ರತಿ ವರ್ಷ ನಿರ್ಧಾರ ಮಾಡುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಮೇಷ್ಟ್ರು ಎಂದರೆ ಗೌದೆನ್ಸ್ಯೊ ಮೇಷ್ಟ್ರು. ಇಲ್ಲಿಯ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿದವರು, ಈ ಆಟವನ್ನು ಕಟ್ಟಿ ನಿಲ್ಲಿಸಿದವರು, ಮತ್ತು ಹರಕೆ ಹೊತ್ತು ಪ್ರತಿ ವರ್ಷ ಸ್ವಾಮಿಯ ಪಾತ್ರ ಮಾಡುವವರು. ಈಗ ಅವರಿಗೆ ಎಪ್ಪತ್ತನಾಲ್ಕು. ಮೂವತ್ತಮೂರಕ್ಕೇ ಶಿಲುಬೆಗೇರಿದ ಸ್ವಾಮಿಗೆ ಎಪ್ಪತ್ತನಾಲ್ಕೇ ಎಂದು ನೀವು ನಗಬಹುದು. ನಗುವವರು ಆ ಶಿಲುಬೆಯನ್ನು ಒಮ್ಮೆ ಹೊತ್ತು ನೋಡಿ, ಆಮೇಲೆ ನಗಿ. ಎರಡು ಕಣ್ಣಿಗೂ ಪೊರೆ ಬಂದಿದೆ. ಹತ್ತು ಹೆಜ್ಜೆಯಾಚೆ ಇರುವುದು ಮನುಷ್ಯನೋ ಬಾಳೆಗಿಡವೋ ಅವರಿಗೆ ತಿಳಿಯುವುದಿಲ್ಲ. ಆದರೂ ಇಬ್ಬರಿಗೂ ನಮಸ್ಕಾರ ಹೇಳಿಯೇ ಮುಂದೆ ಹೋಗುತ್ತಾರೆ.

ಮೇಷ್ಟ್ರಿಗೂ ನನ್ನ ತಮ್ಮನಿಗೂ ಗಂಟು ಬಿದ್ದದ್ದು ಸಮುದ್ರದ ಮೇಲೆ. ಅವರು ಈ ಊರಿಗೆ ಬಂದ ಹೊಸತು. ಆಚೆ ದಡಕ್ಕೆ ಬಿಡು ಎಂದು ಮೆಲಿತೊನ್‌ನ ದೋಣಿ ಹತ್ತಿದರಂತೆ. ಹತ್ತಿದವರು ಸುಮ್ಮನಿರದೆ ದಾರಿಯುದ್ದಕ್ಕೂ ಪಾಡಿನ ಹಾಡು ಹಾಡಿದರು. ನನ್ನ ತಮ್ಮ ಆಗ ಇಪ್ಪತ್ತಮೂರರ ಪೋರ, ಅಕ್ಷರ ಬಾರದವನು, ಬಾಯಿ ಮಾತ್ರ ಊರಗಲ. “ಸ್ವಾಮಿ, ನೀವು ಹೀಗೆ ಕಿರುಚಿದ್ರೆ ಮೀನೆಲ್ಲಾ ಓಡಿಹೋಗ್ತವೆ” ಎಂದನಂತೆ. “ಓಡಿಹೋಗೋ ಮೀನು ಯಾಕಪ್ಪಾ ನಿನಗೆ, ಕೇಳೋಕೆ ನಿಲ್ಲೋ ಮೀನನ್ನ ಹಿಡಿ” ಎಂದರಂತೆ ಮೇಷ್ಟ್ರು. ಆಚೆ ದಡ ಮುಟ್ಟುವುದರೊಳಗೆ ಇವನು ಆ ಹಾಡಿನ ಎರಡು ನುಡಿ ಕಲಿತಿದ್ದ. ಅಲ್ಲಿಂದ ಮುಂದೆ ದೋಣಿಯೇ ಅವನ ಶಾಲೆಯಾಯಿತು.

ಅವನನ್ನು ಪೇತ್ರನನ್ನಾಗಿ ಮಾಡಿದ ವರ್ಷವೇ ಮೇಷ್ಟ್ರಿಗೆ ಒಂದು ಹುಚ್ಚು ಹೊಳೆಯಿತು. ಸ್ವಾಮಿ ನೀರಿನ ಮೇಲೆ ನಡೆದುಬಂದು ಪೇತ್ರನನ್ನೂ ದೋಣಿಯಿಂದ ಕರೆಯುವ ಪ್ರಸಂಗವನ್ನು ನಿಜವಾದ ಸಮುದ್ರದಲ್ಲೇ ಆಡಬೇಕು. ನೀರಿನಡಿ ಬಿದಿರಿನ ಅಟ್ಟ ಕಟ್ಟಿದರು. ಮೇಷ್ಟ್ರು ಬಿಳಿ ನಿಲುವಂಗಿ ತೊಟ್ಟು ನಡೆದರು, ಜನ ಶಿಲುಬೆ ಗುರುತು ಹಾಕಿಕೊಂಡರು. ನನ್ನ ತಮ್ಮ ತನ್ನ ಸರದಿ ಬರುವ ಮೊದಲೇ ದೋಣಿಯಿಂದ ಧುಮುಕಿದ, ಅಟ್ಟ ಮುರಿಯಿತು, ಇಬ್ಬರೂ ಮುಳುಗಿದರು. ಮೇಷ್ಟ್ರಿಗೆ ಈಜು ಬಾರದು. ನೀರಿನ ಮೇಲೆ ನಡೆದವರನ್ನು ಕೂದಲು ಹಿಡಿದು ದಡಕ್ಕೆ ಎಳೆದು ತಂದವನು ಮೆಲಿತೊನ್. ಕೆಮ್ಮಿ ಕೆಮ್ಮಿ ನೀರು ಕಾರಿದ ಮೇಷ್ಟ್ರು ಮೊದಲು ಹೇಳಿದ ಮಾತು, “ಅವಸರದವನು ಕಣೋ ನೀನು. ಆದ್ರೆ ಹಾರ್ತೀಯ. ಉಳಿದವ್ರು ದೋಣೀಲೇ ಕೂತಿದ್ರು, ನೋಡು.” ಆ ವರ್ಷವೇ ಕೀಲಿಕೈ ಅವನಿಗೆ ಸಿಕ್ಕಿತು.

ಕೀಲಿಕೈ ಎಂದರೆ ಮೊಳದುದ್ದದ ಕಬ್ಬಿಣದ್ದು, ಸ್ವಾಮಿ ಪೇತ್ರನಿಗೆ ಕೊಟ್ಟ ಸ್ವರ್ಗದ ಬಾಗಿಲಿನದು ಎಂದು ನಮ್ಮ ಲೆಕ್ಕ. ಪ್ರತಿ ವರ್ಷ ಶುಭ ಶುಕ್ರವಾರದ ಹಿಂದಿನ ಗರಿಗಳ ಭಾನುವಾರ ಪಾದ್ರಿಗಳು ಅದಕ್ಕೆ ತೀರ್ಥ ಚಿಮುಕಿಸುತ್ತಾರೆ. ವರ್ಷವಿಡೀ ಅದು ಪೇತ್ರನ ಮನೆಯ ದೇವರ ಗೂಡಿನ ಪಕ್ಕದಲ್ಲಿ ತೂಗುತ್ತದೆ. ಕೀಲಿಕೈ ಯಾರ ಮನೆಯಲ್ಲೋ ಅವನೇ ಪೇತ್ರ. ಬಿಡಬೇಕೆಂದರೆ ಕೊಟ್ಟವರ ಕೈಗೆ ತಾನೇ ಹೋಗಿ ಒಪ್ಪಿಸಬೇಕು. ಅಲ್ಲಿಯವರೆಗೆ ಹರಕೆ ಬಿಡುವುದಿಲ್ಲ.

ಇನ್ನೊಂದು ಪದ್ಧತಿ ಹೇಳಲೇಬೇಕು. ತಾಲೀಮು ಮುಗಿದ ಮೇಲೆ ಎಲ್ಲರಿಗೂ ಮೇಷ್ಟ್ರ ಮನೆಯಲ್ಲಿ ಊಟ. ಶುಂಠಿ ಹಾಕಿದ ಗಂಜಿ, ಹುರಿದ ಒಣಮೀನು, ಅಷ್ಟೇ. ಸ್ವಾಮಿಯನ್ನು ಹಿಡಿದುಕೊಡುವ ಯೂದನ ಪಾತ್ರದವನಿಗೂ ತಟ್ಟೆ, ಮುಳ್ಳಿನ ಕಿರೀಟ ಇಡುವ ಸೈನಿಕನಿಗೂ ತಟ್ಟೆ. ಮೇಷ್ಟ್ರು ಒಬ್ಬಂಟಿ ಮನುಷ್ಯ, ತಾವೇ ಬೇಯಿಸುತ್ತಾರೆ. ಅವರ ಅಡುಗೆ ಚೆನ್ನಾಗಿದೆ ಎಂದು ನಾನು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಆದರೂ ಯಾರೂ ತಪ್ಪಿಸುವುದಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ಊರಿನ ಕಪಿತಾನ, ಅಂದರೆ ಪಂಚಾಯ್ತಿ ಮುಖ್ಯಸ್ಥ, ರುಫೊ ಸಭೆ ಕರೆದ. ಒಳ್ಳೆಯವನೇ, ಆದರೆ ಹೊಸತೇನಾದರೂ ಕಂಡರೆ ಮಗುವಿನಂತೆ ಕುಣಿಯುತ್ತಾನೆ. ಪಟ್ಟಣದವರು ಬಂದು ಒಂದೂವರೆ ಗಂಟೆಯ ಆಟ ಮಾಡಿಕೊಡುತ್ತಾರಂತೆ. ಮಾತೆಲ್ಲ ಮೊದಲೇ ರೆಕಾರ್ಡು, ನಮ್ಮವರು ಬಾಯಿ ಆಡಿಸಿದರೆ ಸಾಕು. ಸ್ವಾಮಿಯ ಪಾತ್ರಕ್ಕೆ ಎತ್ತರದ, ಬೆಳ್ಳಗಿನ, ಹಲ್ಲು ಹೊಳೆಯುವ ಒಬ್ಬ ಹುಡುಗ. “ಮೇಷ್ಟ್ರ ಮೇಲೆ ಗೌರವ ಇದೆ. ಆದ್ರೆ ಹೊರಗಿನ ಜನ ಬಂದು ನೋಡ್ದಾಗ, ಸ್ವಾಮಿಗೆ ಯಾರಾದ್ರೂ ಕೈ ಹಿಡಿದು ಮೆಟ್ಟಿಲು ಹತ್ತಿಸ್ಬೇಕು ಅಂದ್ರೆ ಹೇಗೆ?” ಎಂದ ರುಫೊ. ಸಭೆ ನಕ್ಕಿತು. ಮೇಷ್ಟ್ರೂ ನಕ್ಕರು.

ಆಮೇಲೆ ರುಫೊ ನನ್ನ ತಮ್ಮನ ಹೆಸರು ಎತ್ತಿದ. “ಪೇತ್ರ ಮಾತ್ರ ನಮ್ಮ ಮೆಲಿತೊನ್ನೇ. ಅವನ ಗಂಟಲಿಗೆ ರೆಕಾರ್ಡು ಬೇಡ.” ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ತಮ್ಮ ಹಿಗ್ಗಿ ಹೀರೇಕಾಯಿಯಾದ. ಆ ಕ್ಷಣಕ್ಕೇ ರುಫೊ ಕೇಳಿದ: ಮೇಷ್ಟ್ರ ಹಳೆಯ ಆಟವೇ ಬೇಕು ಅನ್ನುವವರು ಎದ್ದು ನಿಲ್ಲಿ.

ನಾನು ಎದ್ದೆ. ಹೆಚ್ಚೆಂದರೆ ಒಂಬತ್ತು ಜನ ಎದ್ದರು. ಮೆಲಿತೊನ್ ಮೂರನೆಯ ಸಾಲಿನಲ್ಲಿ ಕೂತಿದ್ದ. ಕೂತೇ ಇದ್ದ. ಕಾಫಿ ಹಂಚುತ್ತಿದ್ದ ಪುರಿಂಗ್ ಅವನ ಹೆಗಲು ತಟ್ಟಿ, “ಏನೋ, ನೀನು ಮೇಷ್ಟ್ರ ಪೇತ್ರ ಅಲ್ವೇನೋ? ಏಳೋ!” ಎಂದಳು. ನನ್ನ ತಮ್ಮ ಕಾಫಿ ಲೋಟದೊಳಗೆ ನೋಡುತ್ತಾ ಹೇಳಿದ, “ನಾನು ಗಡ್ಡ ಕಟ್ಕೊಳ್ಳೋನು, ಅಷ್ಟೇ.”

ಆ ಮಾತು ಇಡೀ ಸಭೆಗೆ ಕೇಳಿಸಿತು. ಅವನ ಗಂಟಲೇ ಹಾಗೆ, ಪಿಸುಗುಟ್ಟಿದರೂ ಹಿಂದಿನ ಸಾಲಿಗೆ ಮುಟ್ಟುತ್ತದೆ, ಕಲಿಸಿದವರು ಮೇಷ್ಟ್ರೇ. ಮೇಷ್ಟ್ರಿಗೆ ಕಣ್ಣು ಕಾಣುವುದಿಲ್ಲ, ಕಿವಿ ನರಿಯ ಕಿವಿ. ಅವರು ಟೋಪಿ ತಲೆಗಿಟ್ಟುಕೊಂಡು, ಬಾಗಿಲ ಬಳಿಯ ಖಾಲಿ ಕುರ್ಚಿಗೂ ನಮಸ್ಕಾರ ಹೇಳಿ ಮನೆಗೆ ಹೋದರು. ನನಗೆ ನನ್ನ ಒಡಹುಟ್ಟಿದವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ ಎಂದು ಇವತ್ತಿಗೂ ಪಶ್ಚಾತ್ತಾಪವಿದೆ.

ಕೊನೆಗೆ ಪಾದ್ರಿಗಳು ನಡುವೆ ಬಂದು, ಹರಕೆ ಹರಕೆಯೇ, ಈ ವರ್ಷ ಎರಡೂ ಆಗಲಿ ಎಂದರು. ಚರ್ಚಿನ ಅಂಗಳದಲ್ಲಿ ನಾಲ್ಕಕ್ಕೆ ಮೇಷ್ಟ್ರದು, ಚೌಕದಲ್ಲಿ ಏಳಕ್ಕೆ ಪಟ್ಟಣದವರದು. ಈಸ್ಟರ್ ಹಿಂದಿನ ನಲವತ್ತು ದಿನದ ತಪಸ್ಸುಕಾಲ ಶುರುವಾಯಿತು, ತಾಲೀಮು ಶುರುವಾಯಿತು. ಮೆಲಿತೊನ್ ಬರಲಿಲ್ಲ. ಪೇತ್ರನಿಲ್ಲದೆ ಹನ್ನೊಂದು ಜನ ಶಿಷ್ಯರು ಕಾಲು ಕೆದರುತ್ತಾ ನಿಂತರು. ಮೇಷ್ಟ್ರು ಏನೂ ಆಗದವರಂತೆ ಅವನ ಸಾಲುಗಳನ್ನು ತಾವೇ ಹಾಡಿ ಮುಂದೆ ಹೋದರು. ಊಟಕ್ಕೆ ತಟ್ಟೆ ಹಾಕುವಾಗ ಪ್ರತಿ ಸಲ ಒಂದು ಹೆಚ್ಚು ಹಾಕುತ್ತಿದ್ದರು. “ನಾವು ಹದಿನಾರು ಜನ ಮೇಷ್ಟ್ರೇ, ನೀವು ಹದಿನೇಳು ಹಾಕಿದ್ದೀರ. ಕಣ್ಣಿನ ಜೊತೆ ಎಣಿಕೇನೂ ಹೋಯ್ತಾ?” ಎಂದು ನಾನು ರೇಗುತ್ತಿದ್ದೆ. “ಹೌದಾ? ವಯಸ್ಸಾಯ್ತು ನೋಡು ತೆನ್ಸ್ಯಾ” ಎನ್ನುತ್ತಿದ್ದರು. ಮರುದಿನ ಮತ್ತೆ ಹದಿನೇಳು.

ಒಂದು ಬೆಳಿಗ್ಗೆ ನಾನು ತಮ್ಮನ ಮನೆಗೆ ಹೋದೆ. ಬಲೆ ಹೆಣೆಯುತ್ತಾ ಕೂತಿದ್ದ.

“ಚೌಕದವರ ಜೊತೆ ಬಾಯಾಡ್ಸೋಕೆ ಹೋಗ್ತೀಯೇನೋ, ಮೀನಿನ ಥರ?”

“ಇಲ್ಲ ಅಕ್ಕ. ಆಗಲ್ಲ ಅಂದ್ಬಿಟ್ಟೆ.”

“ಮತ್ತೆ ಇಲ್ಲಿಗೂ ಬರಲ್ಲ, ಅಲ್ಲಿಗೂ ಹೋಗಲ್ಲ. ಏನು ನಿನ್ನ ಸಂಕಟ?”

ಅವನು ತಲೆ ಎತ್ತಲಿಲ್ಲ. “ಎಲ್ರೂ ಕೂತಿದ್ರು ಅಕ್ಕ. ಆಗ ತಾನೇ ಚಪ್ಪಾಳೆ ತಟ್ಟಿದ್ರು. ಚಪ್ಪಾಳೆ ತಟ್ಟಿದ ಕೈಗಳ ಎದುರು ಏಳೋಕೆ ಮೊಣಕಾಲಿಗೆ ಶಕ್ತಿ ಬರ್ಲಿಲ್ಲ. ಆ ಮಾತು ಯಾಕೆ ಬಂತೋ... ನನ್ನನ್ನ ಕೇಳ್ಬೇಡ. ಮೂವತ್ತೊಂದು ವರ್ಷ ಆಡಿದ್ದೀನಿ, ಆ ಪೇತ್ರ ಹೇಗೆ ಹಾಗಂದ ಅಂತ ಒಂದು ದಿನಾನೂ ನನಗೆ ಅರ್ಥ ಆಗಿರ್ಲಿಲ್ಲ. ಪೆದ್ದ ಅಂತಿದ್ದೆ ಅವನನ್ನ. ಈಗ ಅರ್ಥ ಆಯ್ತು.” ಅವನು ಎದ್ದು ಹೋಗಿ ಕೀಲಿಕೈ ತಂದು ನನ್ನ ಮಡಿಲಲ್ಲಿಟ್ಟ. “ಇದನ್ನ ಮೇಷ್ಟ್ರಿಗೆ ಕೊಡು. ಬೇರೆಯವ್ರನ್ನ ನೋಡ್ಕೊಳ್ಳಲಿ.”

ನಾನು ಅದನ್ನು ತಲೆವಸ್ತ್ರದಲ್ಲಿ ಸುತ್ತಿಕೊಂಡು ಹೋದೆ. ಮೇಷ್ಟ್ರು ಅಂಗಳದಲ್ಲಿ ಶಿಲುಬೆಗೆ ಮರಳುಕಾಗದ ಉಜ್ಜುತ್ತಿದ್ದರು, ಹೆಗಲಿಗೆ ಚುಚ್ಚಬಾರದೆಂದು.

“ಮೆಲಿತೊನ್ ಕೀಲಿಕೈ ಕಳ್ಸಿದ್ದಾನೆ” ಎಂದೆ.

“ನನ್ನ ಕೈ ಖಾಲಿ ಇಲ್ಲ.”

“ಪಕ್ಕದಲ್ಲಿ ಇಡ್ತೀನಿ.”

“ಇಡ್ಬೇಡ. ಯಾರ ಕೈಗೆ ಕೊಟ್ಟೆನೋ ಆ ಕೈಯಿಂದಾನೇ ತಗೊಳ್ಳೋದು. ವಾಪಸು ತಗೊಂಡ್ಹೋಗು.” ಎರಡು ಸಲ ಉಜ್ಜಿ, ಬೆರಳಿನಿಂದ ಸವರಿ ನೋಡಿ, ಮೆಲ್ಲಗೆ ಕೇಳಿದರು, “ಬಲೆಗೆ ಏನಾದ್ರೂ ಬೀಳ್ತಿದೆಯಂತಾ ಅವನಿಗೆ?”

ಅವರಿಗೆ ಸಿಟ್ಟು ಬರಬಾರದೇ? ನನಗಂತೂ ಇಬ್ಬರ ಮೇಲೂ ಉರಿಯಿತು. ಕೀಲಿಕೈ ವಾಪಸು ಒಯ್ದು ತಮ್ಮನ ಬಲೆಯ ಮೇಲೆ ಎಸೆದೆ. “ನಾನೇನು ನಿಮ್ಮಿಬ್ಬರ ಅಂಚೆಯವಳಾ? ನೀನೇ ಕೊಡ್ಬೇಕಂತೆ. ಗಂಡಸಾಗಿದ್ರೆ ಹೋಗಿ ಕೊಡು.” ಅವನು ಕೀಲಿಕೈಯನ್ನು ಬಲೆಯಿಂದ ಬಿಡಿಸಿಕೊಂಡ. “ಶುಕ್ರವಾರ ಒಂದು ದಿನ ಬಂದು ಆಡ್ತೀನಿ. ಹರಕೆ ಮುರಿದವನು ಅನ್ನಿಸ್ಕೊಳ್ಳಲ್ಲ. ಆಮೇಲೆ ಕೊಟ್ಬಿಡ್ತೀನಿ” ಎಂದ. ಪೇತ್ರನಾಗಿ ಅದೇ ಅವನ ಕೊನೆಯ ಶುಕ್ರವಾರ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಮೇಷ್ಟ್ರ ನಂತರ ಈ ಆಟವನ್ನು ಹೊರುವ ಗಂಟಲು ಊರಿನಲ್ಲಿ ಅದೊಂದೇ. ಅದೂ ಹೋದರೆ ಎಲ್ಲ ಮುಗಿದಂತೆಯೇ.

ಶುಕ್ರವಾರ ಬಂದ. ಯಾರ ಮುಖವನ್ನೂ ನೋಡದೆ ಗಡ್ಡ ಕಟ್ಟಿಕೊಂಡ. ಅಂಗಳದಲ್ಲಿ ಜನ ಕಡಿಮೆಯೇನಿರಲಿಲ್ಲ. ಏಳರ ಆಟಕ್ಕೆ ಬಂದವರು ಹೊತ್ತು ಹೋಗಲೆಂದು ಇಲ್ಲಿ ನೆರೆದಿದ್ದರು. ರುಫೊ ಕೂಡ ಕುಟುಂಬ ಸಮೇತ ಮುಂದಿನ ಸಾಲಿನಲ್ಲಿದ್ದ. ಬಲಗಡೆ ಕೈ ಕಟ್ಟಿಸಿಕೊಂಡ ಮೇಷ್ಟ್ರು ಬೆನ್ನು ತಿರುಗಿಸಿ ನಿಂತಿದ್ದಾರೆ. ಎಡಗಡೆ ಬೆಂಕಿ, ಬೆಂಕಿಯ ಪಕ್ಕ ಪೇತ್ರ. ಪರದೆಯ ಈಚೆ ನಾನು, ನನ್ನ ಪಕ್ಕ ಕುಲಾಸ್, ಅವನ ಕಂಕುಳಲ್ಲಿ ಕಾಳಗದ ಹುಂಜ. ಹುಂಜದ ಹೆಸರು ಸೆನಾದೊರ್. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದು ತಿಳಿದ ಅಜ್ಜಿಯ ವಂಶದವನು ಈ ಕುಲಾಸ್. ನಾನು ಸನ್ನೆ ಮಾಡಿದಾಗ ಅದರ ಬಾಲದ ಬುಡ ಚಿವುಟುವುದು ಅವನ ಕೆಲಸ.

ದಾಸಿಯ ಪಾತ್ರದವಳು ಬಂದು, ನೀನು ಇವನ ಶಿಷ್ಯನಲ್ಲವೇ ಎಂದು ಮೊದಲ ಸಲ ಕೇಳಿದಳು. ನಾನು ಸಾಲು ಕೊಟ್ಟೆ. ಮೆಲಿತೊನ್ ಹೇಳಿದ. ಎರಡನೆಯ ಸಲ ಕೇಳಿದಳು, ಕೊಟ್ಟೆ. ಹೇಳಿದ, ಆದರೆ ಹಾಡಲಿಲ್ಲ, ಗೊಣಗಿದ. ಮೂರನೆಯ ಸಲ ಸೈನಿಕನು ಬಂದು, ನೀನೂ ಇವನ ಜೊತೆಯವನಲ್ಲವೇ ಎಂದ. ನಾನು ಪಿಸುಗುಟ್ಟಿದೆ: ‘ಇವನು ಯಾರೋ, ನನಗೂ ಇವನಿಗೂ ಏನೂ ಸಂಬಂಧವಿಲ್ಲ.’

ಮೆಲಿತೊನ್ ಬಾಯಿ ಬಿಡಲಿಲ್ಲ.

ಮತ್ತೆ ಪಿಸುಗುಟ್ಟಿದೆ. ಇಲ್ಲ. ಸೈನಿಕನು ಪಾಪ, ಏನು ಮಾಡಬೇಕೆಂದು ತಿಳಿಯದೆ ಪ್ರಶ್ನೆಯನ್ನು ಇನ್ನೊಮ್ಮೆ ಹಾಡಿದ. ಜನ ಕತ್ತು ಉದ್ದ ಮಾಡಿದರು. ಇಷ್ಟು ಹೊತ್ತಾಯಿತು, ಎಲ್ಲೋ ಸನ್ನೆ ತಪ್ಪಿಹೋಯಿತು ಎಂದು ಹೆದರಿದ ಕುಲಾಸ್ ಸೆನಾದೊರನನ್ನು ಚಿವುಟಿಯೇಬಿಟ್ಟ. ಕೊಕ್ಕೊಕ್ಕೋ ಎಂದು ಅದು ಅಂಗಳ ಬಿರಿಯುವಂತೆ ಕೂಗಿತು. ಪೇತ್ರನು ಇನ್ನೂ ಮೂರನೆಯ ಸುಳ್ಳು ಹೇಳಿಯೇ ಇಲ್ಲ! ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ರುಫೊ ಕಣ್ಣೊರೆಸಿಕೊಂಡ.

ಮೇಷ್ಟ್ರ ಬೆನ್ನು ಮಾತ್ರ ಅಲುಗಲಿಲ್ಲ. ಆ ಬೆನ್ನನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಲವತ್ತು ದಿನ ನುಂಗಿಕೊಂಡಿದ್ದ ಸಿಟ್ಟು ಒಟ್ಟಿಗೇ ಬಾಯಿಗೆ ಬಂತು. ನೋಟ್‌ಬುಕ್ ನೆಲಕ್ಕೆ ಎಸೆದು ಪರದೆಯ ಸೀಳಿಗೆ ಬಾಯಿ ಇಟ್ಟು ಅಂದೆ, “ಇವ್ರು ಗೊತ್ತಿಲ್ಲ ಅನ್ನೋಕೆ ಈಗೇನು ಸಂಕೋಚ? ಅವತ್ತು ಸಭೇಲಿ ಕೂತ್ಕೊಂಡೇ ಅಂದಿದ್ದಾಯ್ತಲ್ಲ! ಮೂವತ್ತೊಂದು ವರ್ಷ ಅವ್ರ ಗಂಜಿ ಕುಡ್ದು, ಏಳೋಕೆ ಮೊಣಕಾಲು ಬರ್ಲಿಲ್ಲ!”

ಕಿವಿಗೆ ಬಿದ್ದದ್ದು ಬಾಯಿಗೆ ಬರಬೇಕು. ನನ್ನ ತಮ್ಮ ಎದೆ ತುಂಬ ಉಸಿರು ಎಳೆದ, ತಲೆ ಎತ್ತಿದ, ರಾಗ ಹಿಡಿದ:

“ಇವ್ರು ಗೊತ್ತಿಲ್ಲ ಅನ್ನೋಕೆ ಈಗೇನು ಸಂಕೋಚ... ಅವತ್ತು ಸಭೇಲಿ ಕೂತ್ಕೊಂಡೇ ಅಂದಿದ್ದಾಯ್ತಲ್ಲ...”

ಒಬ್ಬಿಬ್ಬರು ನಕ್ಕರು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ನಗು ನಿಂತುಹೋಯಿತು. “ಮೂವತ್ತೊಂದು ವರ್ಷ ಅವ್ರ ಗಂಜಿ ಕುಡ್ದು, ಏಳೋಕೆ ಮೊಣಕಾಲು ಬರ್ಲಿಲ್ಲ...” ಎಂದು ಕೊನೆಯ ಅಕ್ಷರವನ್ನು ಎಳೆಯುತ್ತಿರುವಾಗಲೇ ತಾನು ಏನು ಹಾಡುತ್ತಿದ್ದೇನೆಂದು ಅವನಿಗೆ ತಿಳಿಯಿತು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಉಸಿರು ಮುಗಿಯುವ ತನಕ ಎಳೆದ. ಕುಂಬಳಕಾಯಿ ಕಳ್ಳ ಅಂದಂತೆ ಮುಂದಿನ ಸಾಲಿನವರೆಲ್ಲ ತಮ್ಮ ತಮ್ಮ ಮೊಣಕಾಲು ನೋಡಿಕೊಂಡರು. ನಾನು ಬಾಯಿಗೆ ತಲೆವಸ್ತ್ರ ಒತ್ತಿಕೊಂಡೆ.

ಇಲ್ಲಿ ನೋಟ್‌ಬುಕ್ಕಿನಲ್ಲಿ ಒಂದು ಸೂಚನೆ ಬರೆದಿದೆ: ಸ್ವಾಮಿಯು ತಿರುಗಿ ಪೇತ್ರನನ್ನು ನೋಡುತ್ತಾನೆ. ಮೇಷ್ಟ್ರು ತಿರುಗಿದರು. ನನ್ನನ್ನೇ ಬಾಳೆಗಿಡ ಎಂದುಕೊಳ್ಳುವ ಆ ಕಣ್ಣುಗಳು ಮೆಲಿತೊನ್ ನಿಂತ ಜಾಗಕ್ಕೆ ನೇರವಾಗಿ ಹೋಗಿ ನಿಂತವು. ಸಿಟ್ಟಿರಲಿಲ್ಲ ಅದರಲ್ಲಿ. ತರಗತಿಗೆ ತಡವಾಗಿ ಬಂದ ಹುಡುಗನನ್ನು ಮೇಷ್ಟ್ರು ನೋಡುತ್ತಾರಲ್ಲ, ಅಷ್ಟೇ. ನನ್ನ ತಮ್ಮ ಗಡ್ಡ ಕಿತ್ತು ಮುಖಕ್ಕೆ ಒತ್ತಿಕೊಂಡು ಅಂಗಳ ದಾಟಿ ಓಡಿದ. ಆ ಅಳು ಆಟದ್ದಲ್ಲ ಎಂದು ಊರಿಗೆಲ್ಲ ಗೊತ್ತಾಯಿತು.

ಮೇಷ್ಟ್ರು ಶಿಲುಬೆ ಹೊತ್ತರು. ಮೂರು ಸಲ ಬೀಳಬೇಕಾದ ಕಡೆ ಮೂರೇ ಸಲ ಬಿದ್ದರು, ಮೂರು ಸಲವೂ ಎದ್ದರು. ಬೆಟ್ಟದ ತುದಿಯವರೆಗೆ ಯಾರ ಕೈಯನ್ನೂ ಹಿಡಿಯಲಿಲ್ಲ. ಏಳಕ್ಕೆ ಚೌಕದಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ, ನಾನು ಹೋಗಲಿಲ್ಲ. ರೆಕಾರ್ಡಿನ ಕೋಳಿ ಸರಿಯಾದ ಹೊತ್ತಿಗೆ ಕೂಗಿತಂತೆ.

ಮೆಲಿತೊನ್ ಊಟಕ್ಕೆ ಬರಲಿಲ್ಲ. ಶನಿವಾರ ಮಧ್ಯಾಹ್ನ ದೋಣಿ ತಳ್ಳಿಕೊಂಡು ಸಮುದ್ರಕ್ಕೆ ಹೋದ ಎಂದು ಅವನ ಹೆಂಡತಿ ಬೆನಿಲ್ದಾ ಹೇಳಿದಳು. ಕೀಲಿಕೈಯೂ ಗೋಡೆಯ ಮೇಲಿರಲಿಲ್ಲ.

ಈಸ್ಟರ್ ಬೆಳಗಿನ ಮೆರವಣಿಗೆ ಮುಗಿದ ಮೇಲೆ ಆಟದವರೆಲ್ಲ ಕಡಲ ದಂಡೆಯಲ್ಲಿ ಕೂಡುತ್ತೇವೆ. ಅವತ್ತು ಮೀನು ಸುಡುವವರು ಮೇಷ್ಟ್ರು. ತಂಗಳನ್ನಕ್ಕೆ ಬೆಳ್ಳುಳ್ಳಿ ಹಾಕಿ ಹುರಿದದ್ದು, ತೆಂಗಿನ ಕಳ್ಳಿನ ಹುಳಿಯಲ್ಲಿ ನೆನೆಸಿದ ಮೆಣಸಿನಕಾಯಿ, ಸುಟ್ಟ ಬಂಗುಡೆ. ಕೆಂಡದ ಮೇಲೆ ಬಂಗುಡೆ ಚುರುಗುಡುತ್ತಿತ್ತು. ಮೇಷ್ಟ್ರು ತಟ್ಟೆ ಹಾಕಿದರು. ನಾನು ಎಣಿಸಿದೆ. ಹದಿನೇಳು.

ಆಗ ಕುಲಾಸ್ ಕೈ ತೋರಿಸಿದ. ನೀರಿನ ಮೇಲೆ ಒಂದು ದೋಣಿ, ದಡದಿಂದ ಹೆಚ್ಚೆಂದರೆ ಐವತ್ತು ಮಾರು ದೂರ. ಮಗುಚದಂತೆ ಎರಡು ಪಕ್ಕಕ್ಕೂ ಕಟ್ಟಿದ ಬಿದಿರಿನ ತೋಳು ಚಾಚಿಕೊಂಡು ಸುಮ್ಮನೆ ನಿಂತಿದೆ. ನನ್ನ ತಮ್ಮನೇ. ಬರುತ್ತಲೂ ಇಲ್ಲ, ಹೋಗುತ್ತಲೂ ಇಲ್ಲ.

“ಲೋ ಮೆಲಿತೊನ್! ಬಾರೋ ದಡಕ್ಕೆ!” ಎಂದು ನಾನು ಕೂಗಿದೆ. ಅವನು ತಲೆ ಅಲ್ಲಾಡಿಸಿದ. ಕೊರಳಿನಲ್ಲಿ ಕೀಲಿಕೈ ತೂಗುತ್ತಿತ್ತು.

“ಅವನೇನಾ?” ಎಂದರು ಮೇಷ್ಟ್ರು.

“ಅವನೇ. ಕೊಡೋಕೆ ಬಂದಿದ್ದಾನೆ, ಮುಖ ತೋರ್ಸೋಕೆ ಧೈರ್ಯ ಇಲ್ಲ.”

“ಯಾವ ಕಡೆಗಿದ್ದಾನೆ?”

“ನಿಮ್ಮ ಮೂಗಿನ ನೇರಕ್ಕೆ.”

ಮೇಷ್ಟ್ರು ಚಪ್ಪಲಿ ಬಿಟ್ಟರು. ಮೂಗಿನ ನೇರಕ್ಕೆ ನಡೆದರು. ಮರಳು ಮುಗಿಯಿತು, ನೀರು ಬಂತು, ನಡೆಯುತ್ತಲೇ ಇದ್ದರು. ಮೊಣಕಾಲು, ಸೊಂಟ. “ಮೇಷ್ಟ್ರೇ, ನಿಮಗೆ ಈಜು ಬರಲ್ಲ!” ಎಂದು ನಾನು ಕಿರುಚಿದೆ. ಅವರು ತಿರುಗಿ ನೋಡದೆ ಹೇಳಿದರು, “ಅವನಿಗೆ ಬರುತ್ತಲ್ಲ.” ನೀರು ಎದೆಗೆ ಬಂತು. ಒಂದು ಅಲೆ ಬಂದು ಅವರ ಬಿಳಿ ತಲೆಯನ್ನು ಮುಚ್ಚಿತು.

ಮೆಲಿತೊನ್ ಹಾರಿದ. ಉಟ್ಟ ಬಟ್ಟೆಯಲ್ಲೇ, ಕೀಲಿಕೈಯ ಸಮೇತ ಹಾರಿದ. ಅಷ್ಟು ವೇಗವಾಗಿ ಈಜಿದ್ದನ್ನು ನಾನು ಅವನ ಇಪ್ಪತ್ತಮೂರರಲ್ಲಿ ಒಮ್ಮೆ ನೋಡಿದ್ದೆ. ಮೇಷ್ಟ್ರನ್ನು ಅದೇ ರೀತಿ ಕೂದಲು ಹಿಡಿದು, ಈಗ ಉಳಿದಿರುವ ನಾಲ್ಕು ಕೂದಲನ್ನು, ದಡಕ್ಕೆ ಎಳೆದು ತಂದ.

“ತಲೆ ಸರಿಯಿದೆಯಾ ನಿಮಗೆ?” ಎಂದು ಅವರ ಮೇಲೆಯೇ ಕೂಗಾಡಿದ. “ಈಜು ಬರಲ್ಲ, ಕಣ್ಣು ಕಾಣಲ್ಲ, ಸೀದಾ ನೀರಿಗಿಳಿಯೋದಾ? ನಾನು ಹಾರದೇ ಇದ್ದಿದ್ರೆ?”

ಮೇಷ್ಟ್ರು ಕೆಮ್ಮಿ, ಉಪ್ಪುನೀರು ಉಗುಳಿ, ಆರಾಮಾಗಿ ಕೆಂಡದ ಪಕ್ಕ ಕೂತರು. “ಹಾರದೇ ಇರೋನಿಗೆ ಕೀಲಿಕೈ ಕೊಟ್ಟಿರ್ಲಿಲ್ಲ.”

ನನ್ನ ತಮ್ಮ ತಣ್ಣಗಾದ. ಮಂಡಿಯೂರಿ ಕೂತು ಕೊರಳಿನಿಂದ ಕೀಲಿಕೈ ತೆಗೆದ, ಅವರ ಅಂಗೈಯಲ್ಲಿಟ್ಟ. “ತಗೊಳ್ಳಿ ಮೇಷ್ಟ್ರೇ. ಕೂತಲ್ಲೇ ಕೂತೋನ ಮನೇಲಿ ಇದು ಇರಬಾರದು. ನನ್ನ ಕೈಯಿಂದಾನೇ ಕೊಡ್ತಿದ್ದೀನಿ.”

ಮೇಷ್ಟ್ರು ತೆಗೆದುಕೊಂಡರು. ಅದರ ತೂಕ ನೋಡಿದರು. ಆಮೇಲೆ ಅವರು ಮಾಡಿದ್ದೇನು ಗೊತ್ತೇ? ಪಾದ್ರಿಗಳು ತೀರ್ಥ ಹಾಕಿದ ಸ್ವರ್ಗದ ಕೀಲಿಕೈಯನ್ನು ಕೆಂಡಕ್ಕೆ ಚಾಚಿ ಒಂದು ಬಂಗುಡೆಯನ್ನು ಮಗುಚಿದರು.

“ಒಂದು ಕೇಳ್ತೀನಿ, ಹೇಳು” ಎಂದರು. “ಮೂವತ್ತೊಂದು ವರ್ಷದಿಂದ ನನ್ನ ಎದುರಿಗೇ ನಿಂತು ‘ಇವನ್ಯಾರೋ’ ಅಂತಿದ್ದೀಯ. ತಾಲೀಮಲ್ಲಿ ಅಂದಿದ್ದೀಯ, ಆಟದಲ್ಲಿ ಅಂದಿದ್ದೀಯ. ಸರಿಯಾಗಿ ಅನ್ಲಿಲ್ಲ ಅಂತ ಬೈದು ಅನ್ನಿಸಿದೋನೂ ನಾನೇ. ಅಂದ್ಮೇಲೆ ಪ್ರತಿ ಸಲ ಎಲ್ಲಿಗೆ ಹೋಗ್ತಿದ್ದೆ?”

“ಎಲ್ಲಿಗೆ ಅಂದ್ರೆ... ನಿಮ್ಮ ಮನೆಗೆ.”

“ಏನಕ್ಕೆ?”

“ಊಟಕ್ಕೆ.”

“ಸಾವಿರ ಸಲ ಅಂದೆ, ಸಾವಿರ ಸಲ ಬಂದು ಉಂಡೆ. ಈ ಸಲ ಒಂದೇ ಸಲ ಅಂದೆ, ಅದೂ ಕೂತ್ಕೊಂಡು. ಊಟಕ್ಕೆ ಬರ್ಲಿಲ್ಲ.” ಮೇಷ್ಟ್ರು ಕೀಲಿಕೈಯಿಂದ ಇನ್ನೊಂದು ಬಂಗುಡೆ ಮಗುಚಿದರು. “ಅದೊಂದೇ ಕಣೋ ನನಗೆ ಬೇಜಾರಾಗಿದ್ದು.”

ಮೆಲಿತೊನ್ ಮುಖ ಮುಚ್ಚಿಕೊಂಡ. ಅವನ ದೊಡ್ಡ ಬೆನ್ನು ಅಲುಗುತ್ತಿತ್ತು. ನನಗೂ ಅಳು ಬಂತು, ಮುಚ್ಚಿಡುವುದೇನು? ಕುಲಾಸ್ ಕೂಡ ಹುಂಜದ ರೆಕ್ಕೆಯಲ್ಲಿ ಮೂಗು ಒರೆಸಿಕೊಂಡ.

“ಮುಂದಿನ ವರ್ಷ ನನ್ನ ಕಾಲು ಬೆಟ್ಟ ಹತ್ತಲ್ಲ” ಎಂದರು ಮೇಷ್ಟ್ರು. “ಇವ್ರಿಗೆಲ್ಲಾ ಹಾಡು ನೀನು ಹೇಳ್ಕೊಡ್ಬೇಕು. ಶಿಲುಬೆ ಹೊರೋನನ್ನ ನೀನೇ ಆರಿಸ್ಬೇಕು.”

“ನನಗೆ ಓದೋಕೇ ಬರಲ್ವಲ್ಲ ಮೇಷ್ಟ್ರೇ.”

“ನನಗೂ ನಾಲ್ಕು ವರ್ಷದಿಂದ ಬರಲ್ಲ. ನಿಮ್ಮಕ್ಕ ಇದ್ದಾಳೆ. ನೋಟ್‌ಬುಕ್ಕಲ್ಲಿ ಇಲ್ದೇ ಇರೋದನ್ನೂ ಚೆನ್ನಾಗಿ ಹೇಳ್ಕೊಡ್ತಾಳೆ.” ಎಲ್ಲರೂ ನಕ್ಕರು, ನಾನು ಕೆಂಡ ಕೆದಕುವವಳಂತೆ ತಲೆ ತಗ್ಗಿಸಿದೆ. ಮೇಷ್ಟ್ರು ಕೀಲಿಕೈಯನ್ನು ಅವನತ್ತ ಚಾಚಿದರು. “ಬಿಸಿಯಾಗಿದೆ. ಹಿಡ್ಕೋ.”

ಅವನು ಬರಿಗೈಯಲ್ಲಿ ಹಿಡಿದುಕೊಂಡ. ಅಂಗೈ ಚುರ್ ಎಂದದ್ದು ನನಗೆ ಕೇಳಿಸಿತು, ಆದರೂ ಅವನು ಬಿಡಲಿಲ್ಲ.

“ಈಗ ಉಣ್ಣೋಣ್ವಾ? ನನ್ನ ಮೀನು ಸೀದು ಹೋಗ್ತಿದೆ” ಎಂದರು ಮೇಷ್ಟ್ರು. ನಾನು ಬಡಿಸಲು ಎದ್ದೆ. ನನ್ನನ್ನೂ ಸೇರಿಸಿ ಹದಿನೇಳು ಜನ, ಹದಿನೇಳು ತಟ್ಟೆಯಿತ್ತು. ನಾನು ಇನ್ನೊಮ್ಮೆ ಎಣಿಸಿದೆ. ಆ ಮುದುಕನಿಗೆ ಎಣಿಕೆ ಯಾವತ್ತೂ ತಪ್ಪಿರಲಿಲ್ಲ.